ಒಡೆದ ಕಟವಾಯಿ, ಹಗುರಾದ ಕಾಲು

ಅಕ್ಕೋರು ನನ್ನ ಕುರ್ಚಿಯಲ್ಲಿ ಕೂತು ಬಾಯಿ ತೆರೆದಾಗಲೆಲ್ಲ ನನಗೆ ಒಳಗೊಳಗೇ ಅಳುಕು. ಅವರು ನನಗೆ ಏಳನೆಯ ಇಯತ್ತೆಯಲ್ಲಿ ಗಣಿತ ಕಲಿಸಿದವರು. ಉಳಿದ ಪೇಶಂಟುಗಳ ಮೇಲೆ ರೇಗುವುದಕ್ಕೆ ನಾನು ನವನಗರದಲ್ಲೆಲ್ಲ ಹೆಸರಾಗಿದ್ದೆ. "ಬಾಯಿ ತಗೀರಿ ಅಂದ್ರ ಬಾಯಿ ತಗೀಬೇಕು, ಭಾಷಣ ಮಾಡಬಾರದು" ಎಂದು ದೊಡ್ಡ ದೊಡ್ಡ ಅರಳೆ ವ್ಯಾಪಾರಸ್ಥರನ್ನೂ ಗದರಿದ್ದೇನೆ. ಅಕ್ಕೋರ ಮುಂದೆ ಮಾತ್ರ ನನ್ನ ದನಿ ಮನೆಗೆಲಸ ಮಾಡದೆ ಸಾಲೆಗೆ ಬಂದ ಹುಡುಗನ ದನಿಯಾಗುತ್ತಿತ್ತು. ದಂತವೈದ್ಯನಾಗಿ ನಾಲ್ಕು ಜನ ಹೆಸರು ಹೇಳುವಂತಾಗಿದ್ದರೂ ಇದು ತಪ್ಪಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಅವರಿಗೆ ಮೇಲೆ ಕೆಳಗೆ ಎರಡೂ ಸೆಟ್ ಹಲ್ಲು ಕಟ್ಟಿಕೊಟ್ಟು ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು. ಒಂದು ದಿನ ಬಂದು ಕೂತವರು ಸೆರಗಿನ ತುದಿಯಿಂದ ತುಟಿಯ ಮೂಲೆ ಒತ್ತಿಕೊಂಡು ಹೇಳಿದರು:

"ತಮ್ಮಾ, ನೀ ಕಟ್ಟಿದ ಹಲ್ಲು ಛಲೋ ಅದಾವ. ಈ ಕಟವಾಯಿ ಅಷ್ಟ ಉರಿಯಾಕತ್ತಾವ ನೋಡು."

ಎರಡೂ ಕಟವಾಯಿ ಸೀಳಿದ್ದವು. ಬಿರುಕಿನ ಅಂಚಿಗೆ ಬಿಳಿಯ ಹಕ್ಕಳೆ, ನಡುವೆ ಕೆಂಪು ಗೆರೆ, ಬಾಯಿ ಅಗಲಿಸಿದರೆ ರಕ್ತದ ಹನಿ. ಇಂಥದ್ದನ್ನು ನಾನು ವಾರಕ್ಕೊಂದಾದರೂ ನೋಡುತ್ತಿದ್ದೆ. ಹಲ್ಲು ಕಟ್ಟಿಸಿಕೊಂಡ ವಯಸ್ಸಾದವರಲ್ಲಿ ಇದಕ್ಕೆ ಕಾರಣ ಹೆಚ್ಚಾಗಿ ಒಂದೇ. ಕಟ್ಟಿದ ಹಲ್ಲಿನ ಎತ್ತರ ಕಡಿಮೆಯಾದರೆ ಬಾಯಿ ಮುಚ್ಚಿದಾಗ ಗದ್ದ ಮೂಗಿನ ಹತ್ತಿರ ಬರುತ್ತದೆ. ತುಟಿಯ ಮೂಲೆ ಮಡಿಕೆ ಬೀಳುತ್ತದೆ, ಮಡಿಕೆಯಲ್ಲಿ ಜೊಲ್ಲು ನಿಲ್ಲುತ್ತದೆ, ಒದ್ದೆ ಜಾಗದಲ್ಲಿ ಬೂಷ್ಟು ಬೆಳೆದು ಚರ್ಮ ಒಡೆಯುತ್ತದೆ. ಪುಸ್ತಕದಲ್ಲಿ ಹೀಗಿದೆ, ನನ್ನ ಅನುಭವದಲ್ಲೂ ಹೀಗೇ ಇತ್ತು.

ಮೂಗಿನ ತುದಿಗೊಂದು, ಗದ್ದಕ್ಕೊಂದು ಪೆನ್ಸಿಲ್ ಚುಕ್ಕೆ ಇಟ್ಟು, ಡಿವೈಡರಿನಿಂದ ಅಳತೆ ತೆಗೆದೆ. ಹಲ್ಲು ಕಚ್ಚಿದಾಗ ಒಂದು ಅಳತೆ, ಬಾಯಿ ಸಡಿಲ ಬಿಟ್ಟಾಗ ಇನ್ನೊಂದು. ಎರಡರ ನಡುವೆ ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಅಂತರ ಇದ್ದಂತೆ ಕಂಡಿತು. ಕಾಣಬೇಕು ಎಂದು ಹುಡುಕಿದರೆ ಇಂಥ ಅಂತರ ಯಾರ ಮುಖದಲ್ಲಾದರೂ ಕಾಣುತ್ತದೆ.

"ಡಿವೈಡರ್ ತುದಿ ಸವದೈತಲ್ಲೋ," ಅಂದರು ಅಕ್ಕೋರು. "ಇಂಥಾದ್ದರಾಗ ತಗದ ಅಳತಿ ನಂಬೂದು ಹ್ಯಾಂಗ?"

ನನ್ನ ಸಹಾಯಕಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಾನೂ ನಕ್ಕೆ.

ಬೂಷ್ಟಿಗೆ ಮುಲಾಮು ಕೊಟ್ಟು, ಹಲ್ಲಿನ ಎತ್ತರ ಹೆಚ್ಚಿಸುವ ಕೆಲಸ ಹಿಡಿದೆ. ದವಡೆಯ ಅಚ್ಚು ತೆಗೆದು ಪ್ಲಾಸ್ಟರ್ ಹೊಯ್ಯುವುದು, ಎರಡೂ ಅಚ್ಚನ್ನು ದವಡೆಯಂತೆ ತೆರೆದು ಮುಚ್ಚುವ ಕೀಲಿನ ಮೇಲೆ ಕೂರಿಸುವುದು, ಮೇಣದ ಕಟ್ಟೆ ಕಟ್ಟಿ ಕಚ್ಚಿಸಿ ನೋಡುವುದು, ಆಮೇಲೆ ಹುಬ್ಬಳ್ಳಿಯ ಲ್ಯಾಬಿಗೆ ಕಳಿಸುವುದು. ಅಕ್ಕೋರು ಒಂದು ಸಲವೂ ತಡವಾಗಿ ಬರಲಿಲ್ಲ. ಹೊಸ ಸೆಟ್ ಕೂರಿಸಿದ ವಾರದಲ್ಲಿ ಕಟವಾಯಿ ಮಾಯ್ದವು. ಮುಲಾಮಿನಿಂದಲೋ ಹಲ್ಲಿನಿಂದಲೋ ಎಂದು ನಾನು ಕೇಳಿಕೊಳ್ಳಲಿಲ್ಲ. ಹಲ್ಲಿನಿಂದಲೇ ಎಂದು ಬೀಗಿದೆ.

ಬೀಗುವುದಕ್ಕೆ ಇನ್ನೊಂದು ಕಾರಣವಿತ್ತು. ಅಕ್ಕೋರು ಆಗ ಎರಡು ವರ್ಷಗಳಿಂದ ಬೇಯಿಸಿದ್ದನ್ನು ಮುಟ್ಟಿರಲಿಲ್ಲ. ನಿವೃತ್ತರಾದ ಮೇಲೆ ಸಕ್ಕರೆ ಕಾಯಿಲೆ ತಗುಲಿಕೊಂಡಿತ್ತು, ಮೈ ಬಂದಿತ್ತು, ಮೊಣಕಾಲು ಹಿಡಿದಿದ್ದವು. ಎಲ್ಲೋ ಒಂದು ಪ್ರಕೃತಿ ಚಿಕಿತ್ಸೆಯ ಶಿಬಿರಕ್ಕೆ ಹೋಗಿ ಬಂದವರು ಗ್ಯಾಸಿನ ಒಲೆಗೆ ಬಟ್ಟೆ ಹೊದಿಸಿಬಿಟ್ಟರು. ಮೊಳಕೆ ಬರಿಸಿದ ಹೆಸರುಕಾಳು, ಮಡಿಕೆಕಾಳು, ನೆನೆಸಿದ ಕಡಲೆ, ಶೇಂಗಾ, ಗಜ್ಜರಿ, ಸವತೆಕಾಯಿ, ಹಕ್ಕರಕಿ ಸೊಪ್ಪು, ಮೆಂತ್ಯಸೊಪ್ಪು, ಹಸಿ ಕೊಬ್ಬರಿ, ಹಣ್ಣು. ಇಷ್ಟೇ ಊಟ. ಸಕ್ಕರೆ ಇಳಿಯಿತು, ಮೈ ಇಳಿಯಿತು, ಮೊಣಕಾಲು ಬಿಟ್ಟುಕೊಂಡವು. ಇದರಲ್ಲಿ ಸುಳ್ಳಿಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ. ಕಟ್ಟಿಸಿದ ಹಲ್ಲಿನಲ್ಲಿ ಹಸಿ ಗಜ್ಜರಿ ಕಡಿದು ತಿನ್ನುವ ಹೆಂಗಸು ನವನಗರದಲ್ಲಿ ಅಡ್ಡಾಡಿದರೆ ಅದಕ್ಕಿಂತ ದೊಡ್ಡ ಜಾಹೀರಾತು ನನಗೆ ಯಾವುದು? ರವಿವಾರ ಬೆಳಿಗ್ಗೆ ಪಾರ್ಕಿನಲ್ಲಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಹಸಿ ಊಟದ ಪಾಠವನ್ನೂ ಹೇಳುತ್ತಿದ್ದರು. "ನಮ್ಮ ಡಾಕ್ಟರ್ ಕಟ್ಟಿದ ಹಲ್ಲು" ಎಂದು ಅಲ್ಲಿ ನನ್ನ ಹೆಸರೂ ಬರುತ್ತಿತ್ತಂತೆ.

ಅವರ ಯಜಮಾನರು ರೈಲ್ವೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಓಣಿಗೆಲ್ಲ ಕಾಕಾ. ಹೆಂಡತಿಯ ಪಾಠಕ್ಕೆ ತಲೆದೂಗಿ, ಪೇಪರ್ ತರುವ ನೆವದಲ್ಲಿ ಖಾನಾವಳಿಗೆ ಹೋಗಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ಹೊಡೆದು ಬರುತ್ತಿದ್ದರು. ನನ್ನ ಕ್ಲಿನಿಕ್ಕಿನ ಹೊರಗೆ ಕೂತಾಗ ಮೀಸೆಯಲ್ಲಿ ಶೇಂಗಾ ಚಟ್ನಿಪುಡಿ ಅಂಟಿದ್ದುದನ್ನು ಎರಡು ಸಲ ನಾನೇ ಒರೆಸಿಕೊಳ್ಳಲು ಹೇಳಿದ್ದೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕಟವಾಯಿ ಮತ್ತೆ ಒಡೆದವು. ಮೊದಲಿಗಿಂತ ಆಳವಾಗಿ. ನಾನು ಮತ್ತೆ ಅಳತೆ ತೆಗೆದೆ, ಮತ್ತೆ ಎತ್ತರ ಹೆಚ್ಚಿಸಿದೆ. ಲ್ಯಾಬಿನವನು ಫೋನಿನಲ್ಲಿ, "ಸರ, ಇನ್ನೂ ಎತ್ರ ಮಾಡಿದ್ರ ಪೇಶಂಟ್ ಬಾಯಿ ಮುಚ್ಚೂದಿಲ್ರಿ, ನನ್ನ ಮ್ಯಾಲ ಹಾಕಬ್ಯಾಡ್ರಿ," ಅಂದ. ನಿನ್ನ ಕೆಲಸ ನೀ ಮಾಡು ಎಂದು ಫೋನ್ ಇಟ್ಟೆ. ಹೊಸ ಸೆಟ್ಟಿನಲ್ಲಿ ಅಕ್ಕೋರ ದವಡೆ ನೋಯತೊಡಗಿತು, ಮಾತಾಡಿದರೆ ಹಲ್ಲು ಕಟಕಟ ಅನ್ನತೊಡಗಿತು. ಕಟವಾಯಿ ಮಾತ್ರ ಮಾಯಲಿಲ್ಲ.

ಆಗಲೇ ಅವರ ನಾಲಿಗೆ ನನ್ನ ಕಣ್ಣಿಗೆ ಬಿದ್ದದ್ದು. ಅದುವರೆಗೂ ಹಲ್ಲು ನೋಡುತ್ತಿದ್ದೆನೇ ಹೊರತು ನಾಲಿಗೆಯನ್ನಲ್ಲ. ನಾಲಿಗೆಯ ಮೇಲಿನ ಸಣ್ಣ ಸಣ್ಣ ಮುಳ್ಳುಗಳೆಲ್ಲ ಸವೆದು ಹೋಗಿ ಅದು ನುಣ್ಣಗೆ, ಕೆಂಪಗೆ, ತೊಳೆದ ಕಲ್ಲಿನಂತೆ ಹೊಳೆಯುತ್ತಿತ್ತು. ಇದು ಹಲ್ಲಿನ ಎತ್ತರದಿಂದ ಆಗುವುದಲ್ಲ. ಏನೋ ಕೊರತೆ ಇದೆ ಎಂದುಕೊಂಡೆ. ಕಾಕಾ ಪಕ್ಕದಲ್ಲೇ ಇದ್ದರು.

"ಹಾಲು ಹೈನ ಹ್ಯಾಂಗ್ರಿ ಕಾಕಾ?"

"ಗೌಳ್ಯಾರ ಎಮ್ಮಿ ಹಾಲು ಒಂದ ಲೀಟರ್ ದಿನಾ ತಪ್ಪೂದಿಲ್ರಿ ಮನ್ಯಾಗ," ಅಂದರು ಕಾಕಾ ಹೆಮ್ಮೆಯಿಂದ.

ಸರಿ, ಹಾಲಿನ ಚಿಂತೆಯಿಲ್ಲ ಎಂದು ಬಿಟ್ಟೆ. ನಮ್ಮ ಕಡೆ ಊಟದ ಪ್ರಶ್ನೆಯನ್ನು ಯಾವಾಗಲೂ ಮನೆಗೆ ಕೇಳುತ್ತೇವೆ. ಮನೆಯಲ್ಲಿ ಹೈನವಿದ್ದರೆ ಮನೆಯವರೆಲ್ಲ ಉಂಡಂತೆ. ಹಿರಿಯರನ್ನು ಹಿಡಿದು ನಿಮ್ಮ ಬಾಯಿಗೆ ಏನು ಬೀಳುತ್ತದೆ ಎಂದು ಕೇಳುವುದು ಚೆನ್ನಾಗಿರುವುದಿಲ್ಲ. ಬಿ ಕಾಂಪ್ಲೆಕ್ಸ್ ಕ್ಯಾಪ್ಸೂಲು ಬರೆದುಕೊಟ್ಟು, ಹುಬ್ಬಳ್ಳಿಯಲ್ಲಿದ್ದ ನನ್ನ ಫಿಜಿಶಿಯನ್ ಗೆಳೆಯನಲ್ಲಿ ರಕ್ತ ತೋರಿಸಿಕೊಂಡು ಬನ್ನಿ ಎಂದು ಕಳಿಸಿದೆ.

ಗೆಳೆಯ ಫೋನ್ ಮಾಡಿ, "ಈ ವಯಸ್ಸಿನಾಗ ಇಷ್ಟ ಛಲೋ ರಕ್ತ ಇದ್ದಾವ್ರು ಅಪರೂಪಪಾ. ನೀ ನಿನ್ನ ಹಲ್ಲು ನೋಡಿಕೋ," ಎಂದು ನಕ್ಕ. ಅಕ್ಕೋರು ಆ ರಿಪೋರ್ಟನ್ನು ರವಿವಾರದ ಪಾಠದಲ್ಲಿ ಎಲ್ಲರಿಗೂ ತೋರಿಸಿದರಂತೆ. ಹಸಿ ಊಟಕ್ಕೆ ಇನ್ನಷ್ಟು ಜನ ಸೇರಿದರು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಬಾಯಿ ಮುಕ್ಕಳಿಸಲು ಎದ್ದಾಗ ಅಕ್ಕೋರು ಬೇಸಿನ್ನಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಬೆರಳ ಗಿಣ್ಣು ಬೆಳ್ಳಗಾಗುವಷ್ಟು. ಮೊಣಕಾಲು ಮತ್ತೆ ಹಿಡಿದಿವೆಯೇ ಎಂದು ಕೇಳಿದೆ.

"ಇಲ್ಲೋ. ಮೊಣಕಾಲು ಇದ್ದದ್ದ ಗೊತ್ತಾಗವಲ್ದು ಈಗ. ಮೈ ಎಷ್ಟ ಹಗುರಾಗೈತಿ ಅಂದ್ರ, ಹತ್ತಿ ಅರಳಿ ಮ್ಯಾಲ ನಡದಂಗ ಅನಸ್ತೈತಿ."

"ನನಗೂ ಕಲಸ್ರಿ ಅಕ್ಕೋರ," ಅಂದೆ, ನನ್ನ ಹೊಟ್ಟೆ ತಟ್ಟಿಕೊಂಡು. ಅವರೂ ನಕ್ಕರು, ಕಟವಾಯಿ ಬಿರಿದು ರಕ್ತ ಬಂತು.

ಅದಾಗಿ ಕೆಲವು ದಿನಗಳಲ್ಲಿ ಚಪ್ಪಲಿಯ ಗದ್ದಲ ಆಯಿತು. ನನ್ನ ಕ್ಲಿನಿಕ್ಕಿನಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಅಕ್ಕೋರು ತೋರಿಸಿಕೊಂಡು ಹೋದ ಮೇಲೆ ಮುಂದಿನ ಪೇಶಂಟು, ಒಬ್ಬ ತರುಣ ಹೆಂಗಸು, ಹೊರಗೆ ಹೋಗಿ ಕೂಗಾಡತೊಡಗಿದಳು. ಅವಳ ಹೊಸ ಚಪ್ಪಲಿಯಲ್ಲಿ ಒಂದು ಇತ್ತು, ಇನ್ನೊಂದು ಇರಲಿಲ್ಲ. ಅದರ ಜಾಗದಲ್ಲಿ ಒಂಟಿಯಾಗಿ ಹಳೆಯ ಚಪ್ಪಟೆ ಚಪ್ಪಲಿ ಬಿದ್ದಿತ್ತು. "ಹಲ್ಲು ಕಿತ್ತೀರಿ, ಸಾಲದ್ದಕ್ಕ ಚಪ್ಪಲ್ಲೂ ಹೋತು," ಎಂದು ಅವಳು, ಬಾಯಲ್ಲಿ ಹತ್ತಿಯ ಉಂಡೆ ಕಚ್ಚಿಕೊಂಡೇ, ನನ್ನನ್ನು ಬೈದಳು.

ಮರುದಿನ ಕಾಕಾ ಕಳೆದ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ತಂದರು. ಹಿಮ್ಮಡ ಎತ್ತರದ, ಒಂದು ಅಳತೆ ಸಣ್ಣದಾದ ಚಪ್ಪಲಿ. ಪಟ್ಟಿ ಅಗಲಿ ಹೋಗಿತ್ತು.

"ಆಕಿ ಇದನ್ನ ಹಾಕ್ಕೊಂಡ ಮನಿ ತನಕ ಬಂದಾಳ್ರಿ," ಅಂದರು. "ಒಂದ ಕಾಲಾಗ ತನ್ನದು, ಒಂದ ಕಾಲಾಗ ಇದು. ಕುಂಟಿಕೋತ ಬರಾಕತ್ತಿದ್ಲು. ಯಾಕ ಕುಂಟಾಕತ್ತಿ ಅಂದೆ. ನಾ ಎಲ್ಲಿ ಕುಂಟಾಕತ್ತೇನಿ ಅಂತ ನನಗ ಸಿಟ್ಟ ಮಾಡಿದ್ಲು. ಬೆರಳು ಕೆತ್ತಿ ರಕ್ತ ಬಂದಿತ್ತು, ಅದೂ ಗೊತ್ತಿಲ್ಲ ಆಕಿಗೆ."

ಸಹಾಯಕಿ ನಕ್ಕಳು, ಕಾಕಾ ನಕ್ಕರು. ನನಗೆ ನಗು ಬರಲಿಲ್ಲ. ನುಣ್ಣಗಾದ ನಾಲಿಗೆ, ಅರಳೆಯ ಮೇಲಿನ ನಡಿಗೆ, ಗೊತ್ತಾಗದ ಚಪ್ಪಲಿ. ಈ ಮೂರನ್ನೂ ನಾನು ಬೇರೆ ಬೇರೆ ದಿನ ಬೇರೆ ಬೇರೆಯಾಗಿ ಕಂಡಿದ್ದೆ, ಕೇಳಿದ್ದೆ. ದಂತ ವೈದ್ಯಕೀಯದಲ್ಲಿ ನಮಗೂ ಸಾಮಾನ್ಯ ವೈದ್ಯಶಾಸ್ತ್ರದ ಒಂದು ಪೇಪರ್ ಇರುತ್ತದೆ, ಪಾಸಾಗಲು ಬೇಕಾದಷ್ಟು ಓದಿ ಮರೆಯುವ ಪೇಪರ್. ಅಂದು ಪೇಶಂಟುಗಳನ್ನು ಕಾಯಿಸಿ ಆ ಹಳೆಯ ಪುಸ್ತಕ ಹುಡುಕಿ ತೆಗೆದೆ. ಹಾಲು, ಮಾಂಸದಲ್ಲಿ ಸಿಗುವ, ಸೊಪ್ಪು ಕಾಳಿನಲ್ಲಿ ಇಲ್ಲದ ಬಿ ಟ್ವೆಲ್ವ್ ಎಂಬ ಜೀವಸತ್ವ ದೇಹದಲ್ಲಿ ಬರಿದಾದರೆ ಮೊದಲು ಬಾಯಿ ಕೆಡುತ್ತದೆ, ಆಮೇಲೆ ಬೆನ್ನುಹುರಿಯ ಹಿಂಭಾಗದ ನರಗಳು ಸವೆಯುತ್ತವೆ, ಕಾಲು ಎಲ್ಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಗಳು. ತಡ ಮಾಡಿದರೆ ಅವು ತಿರುಗಿ ಬರುವುದಿಲ್ಲ ಎಂಬ ಸಾಲಿನ ಕೆಳಗೆ ವಿದ್ಯಾರ್ಥಿಯಾಗಿದ್ದಾಗ ನಾನೇ ಗೆರೆ ಎಳೆದಿದ್ದೆ.

ಗೆಳೆಯನಿಗೆ ಫೋನ್ ಮಾಡಿದೆ. "ರಕ್ತ ಛಲೋ ಐತಿ ಅಂದ್ಯಲ್ಲೋ!" ಎಂದು ಕೂಗಾಡಿದೆ. ನಾಲಿಗೆ, ನಡಿಗೆ, ಚಪ್ಪಲಿ ಮೂರನ್ನೂ ಅವನಿಗೆ ಹೇಳಿದೆ.

"ಎಷ್ಟ ಹಸಿ ಸೊಪ್ಪು ತಿಂತಾರ ಅವರು?" ಎಂದು ಕೇಳಿದ. ಹೇಳಿದೆ. "ಹಂಗಾರ ಸೊಪ್ಪಿನ ಫೋಲಿಕ್ ಆಸಿಡ್ ರಕ್ತಾನ್ನ ಎತ್ತಿ ಹಿಡದೈತಿ. ರಕ್ತ ಛಲೋ ಕಾಣತೈತಿ, ಒಳಗ ನರ ಹೋಗಾಕತ್ತಾವ. ಕಣ್ಣ ಮುಚ್ಚಿ ನಿಂದ್ರಸಿ ನೋಡು. ಹಿಡಕೊಳ್ಳಾಕ ತಯಾರಿರು, ಬೀಳ್ತಾರ."

ಅಕ್ಕೋರನ್ನು ಹಲ್ಲು ಸರಿಮಾಡುವ ನೆವದಲ್ಲಿ ಕರೆಸಿದೆ. ಎರಡೂ ಸೆಟ್ ಬಿಚ್ಚಿ ತಟ್ಟೆಯಲ್ಲಿಟ್ಟು, ಕುರ್ಚಿಯಿಂದ ಇಳಿಸಿ ಕೋಣೆಯ ನಡುವೆ ನಿಲ್ಲಿಸಿದೆ. ಎರಡೂ ಪಾದ ಜೋಡಿಸಿ ನಿಲ್ಲಿರಿ ಎಂದೆ.

"ಇದೇನೋ, ಸಾಲ್ಯಾಗಿನ ಡ್ರಿಲ್ಲು?"

"ಹೌದ್ರಿ. ಈಗ ಕಣ್ಣ ಮುಚ್ಚರಿ."

ಕಣ್ಣು ಮುಚ್ಚಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಮೈ ಮೆಲ್ಲಗೆ ಮುಂದಕ್ಕೆ, ಹಿಂದಕ್ಕೆ ತೂಗಾಡಿತು, ಮತ್ತೆ ಒಂದೇ ಬದಿಗೆ ವಾಲತೊಡಗಿತು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ, ತುಟಿಯ ಮೇಲೆ ಸಣ್ಣ ನಗುವಿತ್ತು. ಬೀಳುತ್ತಿದ್ದೇನೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಎರಡೂ ತೋಳು ಹಿಡಿದು ನನ್ನ ಎದೆಗೆ ಆನಿಸಿಕೊಂಡೆ. ಅವರ ಕೊರಳಲ್ಲಿದ್ದ ಲಿಂಗದ ಕರಡಿಗೆ ನನ್ನ ಎದೆಯ ಮೂಳೆಗೆ ತಾಗಿತು. ಎಷ್ಟು ಹಗುರಾಗಿದ್ದರೆಂದರೆ ನನಗೆ ಹೆದರಿಕೆಯಾಯಿತು.

ಕಣ್ಣು ತೆರೆದು ಅವರು ನನ್ನನ್ನು ದಿಟ್ಟಿಸಿದರು. "ಯಾಕೋ ಹಿಡಕೊಂಡಿ?"

"ಬೀಳಾಕತ್ತಿದ್ರಿ ಅಕ್ಕೋರ."

ಕುರ್ಚಿಗೆ ಕೂರಿಸಿದೆ. ಅಕ್ಕೋರು ಬೊಚ್ಚುಬಾಯಿಗೆ ಸೆರಗು ಅಡ್ಡ ಹಿಡಿದು, ಆಮೇಲೆ ತಾವೇ ಹೇಳಿದರು. ದಿನಾ ಪೂಜೆಯಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂರುತ್ತಾರೆ. ಕೆಲವು ತಿಂಗಳಿಂದ ಕಣ್ಣು ಮುಚ್ಚಿದರೆ ಅಂಗೈಯಲ್ಲಿ ಲಿಂಗ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಭಾರವಿಲ್ಲ, ತಂಪಿಲ್ಲ, ಕೈಯೂ ಇಲ್ಲ.

"ಅದು ಬ್ಯಾರೆ, ನಾ ಬ್ಯಾರೆ ಅಲ್ಲ, ಎಲ್ಲಾ ಒಂದ ಆತು ಅನ್ಕೊಂಡಿದ್ದೆ," ಅಂದರು. "ಹಸಿ ಊಟದಿಂದ ಮೈ ಶುದ್ಧ ಆಗಿ ಸಿಕ್ಕಿದ್ದು ಅನ್ಕೊಂಡಿದ್ದೆ. ಯಾರ ಮುಂದೂ ಹೇಳಿಲ್ಲ. ಹೇಳ್ಕೊಳ್ಳೂದಲ್ಲ ಅದು."

ಜನ್ಮವೆಲ್ಲ ಕೂತು ಕೂತು ಕಾದದ್ದು ಕೈಗೆ ಬಂತೆಂದು ನಂಬಿದವರಿಗೆ, ಅದು ನರ ಸತ್ತದ್ದು ನೋಡ್ರಿ ಎಂದು ಹೇಳುವ ಕೆಲಸ ಹಲ್ಲಿನ ಡಾಕ್ಟರಿಗೆ ಬರಬಾರದಿತ್ತು. ಆದರೂ ಹೇಳಿದೆ. ಸುತ್ತಿ ಬಳಸಿ, ಬೆವರಿ, ಹೇಳಿದೆ. ಹಾಲಿನ ಮಾತೂ ಆಗಲೇ ಹೊರಬಿತ್ತು. ಒಂದು ಲೀಟರ್ ಹಾಲಿನಲ್ಲಿ ಒಂದು ಬಟ್ಟಲು ಪೂಜೆಗೆ, ಉಳಿದದ್ದು ಕಾಕಾ ಸ್ಟೋವಿನ ಮೇಲೆ ತಾವೇ ಮಾಡಿಕೊಳ್ಳುವ ಚಹಾಕ್ಕೆ, ಮೊಸರಿಗೆ. ಕಾಸಿದ ಹಾಲು ಬೇಯಿಸಿದ್ದೇ ಅಲ್ಲವೇ, ಅವರು ಮುಟ್ಟುತ್ತಿರಲಿಲ್ಲ. ಕ್ಯಾಪ್ಸೂಲು?

"ಅದರ ಸಿಪ್ಪಿ ಎಲುಬು ಕುದಿಸಿ ಮಾಡ್ತಾರಂತಲ್ಲೋ. ಮಲ್ಲಿಗಿ ಗಿಡದ ಬುಡಕ್ಕ ಹಾಕೇನಿ. ಗಿಡ ಛಲೋ ಬಂದೈತಿ."

ನಾಳೆಯಿಂದಲೇ ಇಂಜೆಕ್ಷನ್ ಶುರುವಾಗಬೇಕು ಎಂದೆ. ಒಲ್ಲೆ ಎಂದರು. ರಕ್ತದ ರಿಪೋರ್ಟು ಸುಳ್ಳೇ? ಸಕ್ಕರೆ ಇಳಿದದ್ದು ಸುಳ್ಳೇ? ಬರುವ ರವಿವಾರ ಬೇರೆ ಬಡಾವಣೆಗಳಿಂದಲೂ ಜನ ಬರುವವರಿದ್ದಾರೆ, ಅಲ್ಲಿ ಮಾತಾಡಬೇಕು, ಆಮೇಲೆ ನೋಡೋಣ ಎಂದರು. ಏಳಲು ಕುರ್ಚಿಯ ತೋಳು ಹಿಡಿದು, ತಟ್ಟೆಯ ಕಡೆ ಕೈ ಚಾಚಿದರು.

"ಹಲ್ಲು ಕೊಡು."

ತಟ್ಟೆಯನ್ನು ನಾನು ಹಿಂದಕ್ಕೆ ಎಳೆದುಕೊಂಡೆ. ಹಾಗೆ ಮಾಡುತ್ತೇನೆಂದು ಒಂದು ಕ್ಷಣದ ಹಿಂದೆ ನನಗೂ ಗೊತ್ತಿರಲಿಲ್ಲ.

"ಕೊಡೂದಿಲ್ರಿ ಅಕ್ಕೋರ."

"ಏನಂದಿ?"

"ಇಂಜೆಕ್ಷನ್ ತೊಗೊಂಡ ಮ್ಯಾಲ ಕೊಡ್ತೇನಿ. ಹಲ್ಲು ಇಲ್ಲಂದ್ರ ಗಜ್ಜರಿ ಕಡಿಯೂದೂ ಇಲ್ಲ, ಭಾಷಣಾನೂ ಇಲ್ಲ. ಮನಿಗೆ ಹೋಗಿ ಮೊಸರನ್ನ ಉಣ್ರಿ."

ಅವರ ಕಣ್ಣು ಕೆಂಪಾದವು. ಸಾಲೆಯಲ್ಲಿ ಆ ಕಣ್ಣು ಕಂಡರೆ ಇಡೀ ವರ್ಗ ತಲೆ ತಗ್ಗಿಸುತ್ತಿತ್ತು. ಬೊಚ್ಚುಬಾಯಲ್ಲಿ ಮಾತು ತೊದಲಿತು, ಅದೇ ಅವರಿಗೆ ಇನ್ನಷ್ಟು ಸಿಟ್ಟು ತರಿಸಿತು. "ನಿನಗ ಕಲಿಸಿದ್ದಕ್ಕ ಇದ ಏನೋ ನೀ ಮಾಡೂದು? ನನ್ನ ಹಲ್ಲು ಕಸಗೊಳ್ಳೂದು?" ಕಾಕಾ ಒಳಗೆ ಬಂದು ನನ್ನ ಮುಖ, ಹೆಂಡತಿಯ ಮುಖ ನೋಡಿ ಬಾಗಿಲಲ್ಲೇ ನಿಂತರು. "ಕೊಟ್ಟ ಬಿಡ್ರಿ ಡಾಕ್ಟ್ರ," ಎಂದು ಬೇಡಿಕೊಂಡರು. ನಾನು ತಟ್ಟೆಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಅಕ್ಕೋರು ಬಾಯಿಗೆ ಸೆರಗು ಹಿಡಿದು, ಕಾಲಿನ ಕಡೆಗೇ ನೋಡುತ್ತ ಹೆಜ್ಜೆ ಇಟ್ಟು ಹೊರಗೆ ಹೋದರು. ಮುಂದಿನ ಪೇಶಂಟನ್ನು ನಾಳೆ ಬಾ ಎಂದು ಕಳಿಸಿದೆ.

ಪೇಶಂಟಿನ ಹಲ್ಲು ಕಸಿದು ಇಟ್ಟುಕೊಳ್ಳಬಹುದೇ? ಯಾವ ವೈದ್ಯನೀತಿಯೂ ಒಪ್ಪುವುದಿಲ್ಲ. ರವಿವಾರ ಪಾರ್ಕಿನಲ್ಲಿ ಪಾಠ ನಡೆಯಲಿಲ್ಲ ಎಂದು ಸಹಾಯಕಿ ಸುದ್ದಿ ತಂದಳು. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಅವರು ಮನೆಯಲ್ಲಿ ಕೂತು ಮೊಸರನ್ನ ಉಣ್ಣುವವರಲ್ಲ ಎಂದು ನನಗೆ ಗೊತ್ತಿತ್ತು. ಕಾಳನ್ನು ಮಿಕ್ಸರಿಗೆ ಹಾಕಿ ಕುಡಿಯುತ್ತಿದ್ದಾರು. ದಿನ ಹೋದಂತೆ ನರ ಹೋಗುತ್ತಿವೆ, ನಾನು ಕಪಾಟಿನಲ್ಲಿ ಎರಡು ಸೆಟ್ ಹಲ್ಲು ಕಾಯುತ್ತ ಕೂತಿದ್ದೇನೆ ಎಂದು ನನ್ನ ಮೇಲೇ ರೇಗಿದೆ.

ಒಂದು ಮಧ್ಯಾಹ್ನ ಅವರೇ ಬಂದರು. ಕಾಕಾರ ತೋಳು ಹಿಡಿದಿದ್ದರು. ಕೂತ ಮೇಲೆ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಒಂದು ಕಡಲೆಕಾಳು ಇತ್ತು.

"ಲೆಕ್ಕ ಮಾಡಿ ನೋಡಿದ್ನಿ," ಅಂದರು. "ನಾ ಕಣ್ಣ ಮುಚ್ಚೂದು. ಇವರು ಒಮ್ಮೆ ಕಾಳು ಇಡೂದು, ಒಮ್ಮೆ ಇಡದ ಇರೂದು. ಐತೋ ಇಲ್ಲೋ ನಾ ಹೇಳೂದು. ಮುಂಜಾನಿಂದ ಸಂಜೀತನ ಮಾಡಿದ್ವಿ."

"ಏನ್ ಬಂತ್ರಿ?"

"ಇಟ್ಟಾಗ ಇಲ್ಲ ಅಂದೇನಿ, ಇಡದಾಗ ಐತಿ ಅಂದೇನಿ. ಅರ್ಧಕ್ಕರ್ಧ ತಪ್ಪು. ನಾಣ್ಯಾ ಚಿಮ್ಮಿ ಹೇಳಿದ್ರೂ ಅಷ್ಟ ಬರ್ತಿತ್ತು." ಕಾಳನ್ನು ನನ್ನ ತಟ್ಟೆಗೆ ಹಾಕಿದರು. "ಕಾಳು ಬ್ಯಾರೆ, ಲಿಂಗ ಬ್ಯಾರೆ ಅಂತ ಮನಸಿಗೆ ಹೇಳಿ ನೋಡಿದ್ನಿ. ಕೇಳಲಿಲ್ಲ. ಅಂಗೈ ಅಂತೂ ಒಂದ ಅಲ್ಲೇನೋ."

ಕಾಕಾ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು, ಮುಚ್ಚಿಡಲಿಲ್ಲ. ಅಕ್ಕೋರು ಅಳಲಿಲ್ಲ. ತಮ್ಮ ಲೆಕ್ಕ ತಪ್ಪಿತ್ತೆಂದು ತಾವೇ ಬೋರ್ಡಿನ ಮೇಲೆ ಬರೆದು ತೋರಿಸುವ ಜಾತಿಯವರು ಅವರು. ಅಂದೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ.

ಗೆಳೆಯ ಕಾಲ ಹೆಬ್ಬೆರಳನ್ನು ಮೇಲೆ ಕೆಳಗೆ ಅಲ್ಲಾಡಿಸಿ, ಈಗ ಎತ್ತ ಇದೆ ಎಂದು ಕೇಳಿದ. ಅಕ್ಕೋರು ಕಣ್ಣು ಮುಚ್ಚಿಕೊಂಡು ಹೇಳಿದ ಉತ್ತರಗಳೆಲ್ಲ ತಪ್ಪು. ತಟ್ಟಿದರೆ ಕಂಪಿಸುವ ಉಕ್ಕಿನ ಕವೆಗೋಲನ್ನು ಹಿಮ್ಮಡದ ಗಂಟಿಗೆ, ಮೊಣಕಾಲಿಗೆ ಇಟ್ಟ. ಇಟ್ಟದ್ದೇ ಗೊತ್ತಾಗಲಿಲ್ಲ. ಬಿ ಟ್ವೆಲ್ವ್ ಅಳೆಯಲು ಆಗ ರಕ್ತವನ್ನು ಮುಂಬೈಗೆ ಕಳಿಸಬೇಕಿತ್ತು. ರಕ್ತ ತೆಗೆದಿಟ್ಟುಕೊಂಡು, ರಿಪೋರ್ಟಿಗೆ ಕಾಯದೆ ಕೆಂಪು ಬಣ್ಣದ ಇಂಜೆಕ್ಷನ್ ಸಿರಿಂಜಿಗೆ ಎಳೆದ.

"ಇದು ಎದರಿಂದ ಮಾಡ್ತಾರ?" ಅಂದರು ಅಕ್ಕೋರು.

"ಪ್ರಾಣಿಯಿಂದ ಅಲ್ರಿ. ಕಣ್ಣಿಗೆ ಕಾಣದ ಜೀವಾಣು ಇರ್ತಾವಲ್ಲ, ಅವನ್ನ ಬೆಳಸಿ ತಗೀತಾರ. ಮೊಸರು ಹೆಪ್ಪ ಹಾಕಿದಂಗ ಅನ್ಕೋರಿ."

ಅವರು ತೋಳು ಮುಂದೆ ಮಾಡಿದರು.

ಮೊದಲು ದಿನಕ್ಕೊಂದು, ಆಮೇಲೆ ವಾರಕ್ಕೊಂದು, ಮುಂದೆ ತಿಂಗಳಿಗೊಂದು. ಮುಂಬೈಯ ರಿಪೋರ್ಟು ಬಂದಾಗ ಅಲ್ಲಿದ್ದ ಅಂಕಿ ಅಳತೆಗೂ ಸಿಗದಷ್ಟು ಕೆಳಗಿತ್ತು. ಕಟವಾಯಿ ಎರಡು ವಾರದಲ್ಲಿ ಮಾಯ್ದವು, ಮುಲಾಮಿಲ್ಲದೆ, ಹಲ್ಲಿಲ್ಲದೆ. ನಾಲಿಗೆಯ ಮೇಲೆ ಮುಳ್ಳು ಮೂಡಿದವು. ಹಲ್ಲು ಕೊಡುವಾಗ ನಾನು ಎತ್ತರಿಸಿದ ಎರಡೂ ಸೆಟ್ ಬದಿಗಿಟ್ಟು, ಕಪಾಟಿನಲ್ಲಿದ್ದ ಮೊಟ್ಟಮೊದಲ ಅಚ್ಚು ಹೊರತೆಗೆದು ಅದೇ ಎತ್ತರಕ್ಕೆ ಹೊಸದಾಗಿ ಕಟ್ಟಿಸಿದೆ. ಸರಿಯಾಗಿ ಕೂತವು. ಮೊದಲಿನ ಅಳತೆಯಲ್ಲಿ ಏನೂ ತಪ್ಪಿರಲಿಲ್ಲ.

ಅಕ್ಕೋರು ಹಸಿ ಊಟ ಪೂರ್ತಿ ಬಿಡಲಿಲ್ಲ. ಅದರಿಂದ ಸಕ್ಕರೆ ಇಳಿದದ್ದು ಖರೆಯೇ ಇತ್ತು. ಮೊಸರು, ಹಾಲು ಸೇರಿಸಿಕೊಂಡರು, ಇಂಜೆಕ್ಷನ್ ತಪ್ಪಿಸುತ್ತಿರಲಿಲ್ಲ. ಪಾರ್ಕಿಗೆ ಹೋಗಿ, ನಾನು ಹೇಳಿದ್ದರಲ್ಲಿ ಇಂಥದ್ದು ತಪ್ಪಿತ್ತು ಎಂದು ಎಲ್ಲರ ಮುಂದೆ ಹೇಳಿದರು. ಕೆಲವರು ಕೇಳಿದರು. ಕೆಲವರು, ಪಾಪ ಅಕ್ಕೋರ ನಿಷ್ಠೆ ಸಡಿಲಾಯಿತು ಎಂದು ಮಾತಾಡಿಕೊಂಡು ಬೇರೆ ಕಡೆ ಕೂಡತೊಡಗಿದರು. ಅವರಲ್ಲಿ ಒಬ್ಬಿಬ್ಬರು ಒಡೆದ ಕಟವಾಯಿ ತೋರಿಸಲು ನನ್ನಲ್ಲಿಗೇ ಬಂದರು. ಅವರ ಹಲ್ಲು ನೋಡುವ ಮೊದಲು ನಾಲಿಗೆ ನೋಡಿದೆ, ಅದಕ್ಕೂ ಮೊದಲು ಅವರ ಬಾಯಿಗೆ ಏನು ಬೀಳುತ್ತದೆ ಎಂದು ಅವರನ್ನೇ ಕೇಳಿದೆ.

ಬೆರಳಿಗೆ ಸ್ಪರ್ಶ ಬಂತು. ಅಂಗೈಗೂ ಬಂತೆಂದು ಅಕ್ಕೋರು ಒಮ್ಮೆ ಹೇಳಿದರು. ಕಾಲಿಗೆ ಮಾತ್ರ ಬರಲಿಲ್ಲ. ಕೋಲು ಹಿಡಿದು, ಒಂದೊಂದು ಹೆಜ್ಜೆಯನ್ನೂ ಕಣ್ಣಿಂದ ನೋಡಿ ನೆಲಕ್ಕೆ ಇಡಬೇಕಿತ್ತು. ಕಾಲು ಹೇಳದ ಸುದ್ದಿಯನ್ನು ಕಣ್ಣು ಹೇಳುತ್ತಿತ್ತು. ವರ್ಷ ತುಂಬುತ್ತ ಬಂದಾಗ ಗೆಳೆಯ, ಬರುವಷ್ಟು ಬಂದಾಯಿತು ಎಂದು ನನ್ನೊಬ್ಬನಿಗೆ ಹೇಳಿದ್ದ.

ಮೋಡ ಕವಿದ ಒಂದು ಸಂಜೆ ಅಕ್ಕೋರು ಹಲ್ಲು ತೋರಿಸಲು ಬಂದಿದ್ದರು. ಕೆಲಸ ಮುಗಿದಿತ್ತು. ಕಾಕಾ ರಿಕ್ಷಾ ತರಲು ರಸ್ತೆಗೆ ಹೋಗಿದ್ದರು, ಸಹಾಯಕಿ ಮನೆಗೆ ಹೋಗಿದ್ದಳು. ಕುರ್ಚಿಯಿಂದ ಇಳಿಯುವ ಮೊದಲು ಅವರು ಕೇಳಿದರು:

"ತಮ್ಮಾ, ಈ ಕಾಲು ಇನ್ನ ಎಷ್ಟ ಸುಧಾರಸ್ತಾವೋ?"

"ನೋಡೂಣ್ರಿ, ಇನ್ನೂ—"

"ಉತ್ತರ ಗೊತ್ತಿದ್ದಾವ ನೋಡೂಣ ಅನ್ನಬಾರದು."

ನಾನು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟೆ. "ಇಷ್ಟ ರೀ ಅಕ್ಕೋರ. ಇನ್ನ ಸುಧಾರಸೂದಿಲ್ಲ."

ತಲೆ ಆಡಿಸಿದರು. ಸರಿಯುತ್ತರ ಹೇಳಿದ ಹುಡುಗನಿಗೆ ಕೂತುಕೋ ಎನ್ನುವಾಗ ಆಡಿಸುತ್ತಿದ್ದರಲ್ಲ, ಹಾಗೆ. ಕೋಲು ಹಿಡಿದು ಇಳಿದು, ನೆಲ ನೋಡುತ್ತ ಬಾಗಿಲ ಕಡೆ ಹೊರಟರು. ನಾನು ಬೇಸಿನ್ನಿನ ಹತ್ತಿರ ಕೈ ತೊಳೆಯುತ್ತಿದ್ದೆ. ಆಗ ಕರೆಂಟ್ ಹೋಯಿತು. ಕಿಟಕಿಯ ಹೊರಗೂ ಕತ್ತಲೆ ಕವಿದಿತ್ತು. ಕೋಲಿನ ಸದ್ದು ನಿಂತಿತು.

ಕೋಣೆಯ ನಡುವಿನಿಂದ ಅವರ ದನಿ ಬಂತು. ಮೆಲ್ಲಗೆ, ನೆಟ್ಟಗೆ, ವರ್ಗದಲ್ಲಿ ಪ್ರಶ್ನೆ ಕೇಳುವಾಗಿನ ದನಿ.

"ತಮ್ಮಾ, ನಾ ಈಗ ನಿಂತೇನೋ, ಬೀಳಾಕತ್ತೇನೋ? ಹೇಳು."

"ನಿಂತೀರಿ ಅಕ್ಕೋರ," ಎಂದೆ, ಒದ್ದೆ ಕೈ ಮುಂದೆ ಚಾಚಿಕೊಂಡು ದನಿ ಬಂದ ಕಡೆಗೆ ನಡೆಯುತ್ತ. ನನಗೂ ಅವರು ಕಾಣುತ್ತಿರಲಿಲ್ಲ.